ಹದಿನೇಳರ ಮನೆ ಖಾಲಿ

ಉಲಾನ್‌ಬಾತರಿನಿಂದ ಜೀಪಿನಲ್ಲಿ ಬಂದವರು ಕೇಳಿದರು:
ದೇಶದ ಕಡುಚಳಿಯ ಲೆಕ್ಕ ತೆಗೆಯುತ್ತಿದ್ದೇವೆ,
ನಿಮ್ಮ ಪುಸ್ತಕದಲ್ಲಿ ಆ ಜನವರಿ
ಹದಿನೇಳರ ಮನೆ ಯಾಕಮ್ಮ ಖಾಲಿ?

ದುಲಮ್‌ಸುರೇನ್ ಉಪ್ಪುಚಹಾ ಬಗ್ಗಿಸಿದಳು.
ಪಾದರಸ ಕಲ್ಲಾಗಿತ್ತು, ಸೀಸದ ಗುಂಡಿನ ಹಾಗೆ.
ಸ್ಪಿರಿಟ್ಟಿನ ಕೊಳವೆ ನೋಡಬೇಕಿತ್ತು, ಹೌದು,
ಪೆಟ್ಟಿಗೆಗೆ ನಲವತ್ತು ಹೆಜ್ಜೆ.
ಹೊರಟೆ. ಇಪ್ಪತ್ತರಲ್ಲಿ
ದಿನ ತುಂಬದೆ ಈಯುತ್ತಿದ್ದ ಕುರಿ,
ಒದ್ದೆ ಮರಿ ನೆಲಕ್ಕೆ ಬೀಳುವಷ್ಟರಲ್ಲೇ
ಗಾಜಾಗುತ್ತಿತ್ತು.
ನಿಲುವಂಗಿಯೊಳಗೆ, ಬರಿ ಮೈಗೆ ಒತ್ತಿಕೊಂಡು
ಹಿಂದಕ್ಕೆ ಬಂದೆ.

ಸರಿ, ಅಂಕಿ? ಅಂದಾಜಿಗಾದರೂ?

ಅವಳು ಕುತ್ತಿಗೆಯ ಗುಂಡಿ ಬಿಚ್ಚಿದಳು:
ಎಲುಬಿನ ಕೆಳಗೆ ಹಿಮ ಸುಟ್ಟ ಕಲೆ,
ಎಳೆ ಗೊರಸಿನಷ್ಟಗಲ.
ಓದಲು ಬಂದರೆ ಬರೆದುಕೊಳ್ಳಿ.

ಮರಿಯೇ?
ಬೆಳಗಿನ ಜಾವ ಸತ್ತಿತು.
ಚಹಾ ಆರುತ್ತಿದೆ, ಕುಡಿಯಿರಿ.