ಅಳೀ

ಮೈಂದರ್ಗಿಯಿಂದ ಎರಡು ಮೈಲು, ಅಕ್ಕಲಕೋಟೆ ರಸ್ತೆಗೆ ಹತ್ತಿ
ತಗಡಿನ ಶೆಡ್ಡು. ಒಳಗೆ ಅರವತ್ತು ಡಬ್ಬಿ,
ಡಬ್ಬಿಗೊಂದು ಹುಳ.
ಇಬ್ಬರನ್ನು ಕೂಡಿಸಿದರೆ ಒಬ್ಬ ಇನ್ನೊಬ್ಬನನ್ನು ತಿನ್ನುತ್ತಾನೆ,
ತೊಗರಿಯ ಕಾಯಿಕೊರಕನಿಗೆ ಅಣ್ಣತಮ್ಮಂದಿರಿಲ್ಲ.

ದಿನಾ ಎಂಟಕ್ಕೆ ಬಂದು ತೂಗುತ್ತೇನೆ.
ಪತ್ತಾರನ ತಕ್ಕಡಿಗಿಂತ ನಾಜೂಕು ಇದು,
ಉಸಿರು ಬಿಟ್ಟರೂ ಅಂಕಿ ಅಲುಗುತ್ತದೆ;
ಅದಕ್ಕೇ ಮೂಗಿಗೆ ಸೆರಗು.
ರಜಿಸ್ಟರು ಮರಾಠಿ. ಮೊದಲ ಅಂಕಣದ ತಲೆಗೆ: ಅಳೀ ಕ್ರಮಾಂಕ.
ಅವರ ಮಾತಿನಲ್ಲಿ ಅಳೀ ಅಂದರೆ ಹುಳ.
ನಮ್ಮ ಮಾತಿನಲ್ಲಿ ಅಳಿ ಅಂದರೇನು,
ಸೋಲಾಪುರದಿಂದ ಬರುವ ಸಾಹೇಬರಿಗೆ ನಾನು ಹೇಳಿಲ್ಲ.

ಬೀಜ ತರುವವಳು ಜೈತುನಬಿ.
ಆಷಾಢದಲ್ಲಿ ದರ್ಗಾದ ಹಿಂದಿನ ಬೇವಿನ ಕೆಳಗೆ
ಹಕ್ಕಿ ತಿಂದು ಉಗುಳಿದ್ದನ್ನಷ್ಟೇ ಆರಿಸಿರುತ್ತಾಳೆ.
"ತೊಳಿಯೋ ಕೆಲಸ ಕಾಗಿ ಮಾಡ್ಯದ."
ನೆರಳಲ್ಲಿ ಒಣಗಿಸಿ, ಸಿಪ್ಪೆ ಒಡೆದು, ಸೇರಿನಲ್ಲಿ ಅಳೆದು
ಮೇಲೊಂದು ಹಿಡಿ ಹಾಕುತ್ತಾಳೆ, ಲೆಕ್ಕಕ್ಕಿಲ್ಲದ್ದು.
ನಾನು ಕುಟ್ಟುತ್ತೇನೆ. ರಾತ್ರಿಯಿಡೀ ನೆನೆಯುತ್ತದೆ.
ಬೆಳಿಗ್ಗೆ ಹಳೆಯ ಧೋತರದಲ್ಲಿ ಹಿಂಡಿದರೆ
ಹಾಲು.
ಖರೇವಂದರೂ ಹಾಲಿನ ಬಣ್ಣ.

ಎಲೆ ಅದ್ದಿ, ಆರಿಸಿ, ಡಬ್ಬಿಗೆ ಹಾಕಿದೆ.
ಹದಿನೇಳನೇ ನಂಬರಿನವನು ಬಂದ.
ಅಂಚಿಗೆ ಬಾಯಿ ಹಚ್ಚಿದ, ತೆಗೆದ.
ತಲೆಯೆತ್ತಿ ಅತ್ತಿತ್ತ ನೋಡಿದ.
ಹಾಗೆ ನೋಡುವಂಥ ಕಣ್ಣು ಅವನಿಗಿಲ್ಲ, ಗೊತ್ತು. ಆದರೂ ನೋಡಿದ.
ಡಬ್ಬಿಯ ಗೋಡೆಗುಂಟ ಒಂದು ಸುತ್ತು ಹೋಗಿ
ಮತ್ತೆ ಅದೇ ಎಲೆ, ಮತ್ತೊಂದು ಕಡಿತ,
ಸಾಸಿವೆಯಷ್ಟು.

ಅವ್ವ ನೆನಪಾದಳು.
ತಮ್ಮ ಬಸಲಿಂಗ ಮೂರು ತುಂಬಿದರೂ ಮೊಲೆ ಬಿಟ್ಟಿರಲಿಲ್ಲ.
ಒಂದು ಅಮಾಸಿಯ ಮರುದಿನ
ಬೇವಿನ ತಪ್ಪಲು ಅರೆದು ಹಚ್ಚಿಕೊಂಡು ಕೂತಳು, ತಾನೇ ಕರೆದಳು.
ಅವನೂ ಹೀಗೇ. ಬಾಯಿ ಹಚ್ಚಿದ, ತೆಗೆದ,
ಅವಳ ಮುಖ ನೋಡಿದ. ಮತ್ತೆ ಹಚ್ಚಿದ.
ಅಳಲೂ ಇಲ್ಲ.
ಸಂಜೆಗೆ ಎಮ್ಮೆಯ ಹಾಲಲ್ಲಿ ರೊಟ್ಟಿ ಮುರಿದು ಕಲಸಿಟ್ಟಳು. ತಿಂದ.
ಈಗ ಅವನ ಅಂಗಿಗೆ ಮೂರು ಮೀಟರು ಬಟ್ಟೆ ಬೇಕು.

ಹದಿನೇಳಕ್ಕೆ ರೊಟ್ಟಿಯಿಲ್ಲ.
ಡಬ್ಬಿಯಲ್ಲಿ ಎರಡನೇ ತಾಟು ಇಡುವ ಪದ್ಧತಿಯಿಲ್ಲ.

ಐದನೆಯ ದಿನ
ಬರೀ ನೀರಲ್ಲದ್ದಿದ ಎಲೆ ತಿಂದವರೆಲ್ಲ ಇನ್ನೂರು ಮಿಲಿಗ್ರಾಂ ದಾಟಿದ್ದರು,
ಅವರ ಹಿಕ್ಕೆ ಬಳಿದು ಕೈ ಸೋತಿತು.
ಹದಿನೇಳು: ನಲವತ್ತೊಂದು.
ಹಿಕ್ಕೆ, ಎಣಿಸಿದೆ, ಆರು ಕಾಳು.
ಉಳಿದವರು ಮಣ್ಣಿಗಿಳಿದು ಕೋಶ ಕಟ್ಟುವಾಗ
ಇವನಿನ್ನೂ ಹಳೇ ತೊಗಲು ಕಳಚುತ್ತಿದ್ದ.
ತಲೆಯ ಚಿಪ್ಪು ಕುಲಾವಿಯ ಹಾಗೆ ಬಾಯಿಗೆ ಜೋತುಬಿದ್ದು
ಅರ್ಧ ಮೈ ಒಳಗೆ, ಅರ್ಧ ಹೊರಗೆ.
ಹೊಲದಲ್ಲಿ ಕಾಯಿಗೆ ತಲೆ ತೂರಿಸಿ
ಬಾಲ ಬಿಸಿಲಿಗೆ ಬಿಟ್ಟು ಉಣ್ಣುವುದು ಇವನ ಕುಲದ ರೂಢಿ;
ಇವನು ತನ್ನೊಳಗೇ ಸಿಕ್ಕಿಕೊಂಡ.

"ಸತ್ತದೇನು?" ಬಗ್ಗಿ ಕೇಳಿದಳು ಜೈತುನಬಿ.
ಇಲ್ಲ.
"ಬದುಕ್ಯದೇನು?"
ರಜಿಸ್ಟರಿನಲ್ಲಿ ಎರಡೇ ಮನೆ: ಜೀವಂತ, ಮೃತ.
ಪೆನ್ನು ಹಿಡಿದು ನಿಂತೆ.
"ಎಣ್ಣಿ ಹೊಡದರ ಕುಡದು ದಪ್ಪ ಆಗತಿದ್ದವು ಒಂದು ವರ್ಷ.
ಹಚ್ಚಡ ಹಾಸಿ, ಗಿಡ ಜಾಡಿಸಿ, ಸೇರುಗಟ್ಟಲೆ ಬಳದೀವಿ.
ಒಂದೊಂದಕ್ಕ ಹಿಂಗ ಮಾರಿ ನೋಡಿ ಕೂತಿದ್ದಿಲ್ಲ ಬಿಡವ್ವ."
ಖಾಲಿ ಚೀಲ ಜಾಡಿಸಿ ಮಡಚಿದಳು.
ಹೋಗುವಾಗ ಮತ್ತೊಮ್ಮೆ ಡಬ್ಬಿಯ ಹತ್ತಿರ ಬಂದಳು.

ಎರಡೂ ಮನೆ ಬಿಟ್ಟು
ಹಾಳೆಯ ಅಂಚಿಗೆ ಕನ್ನಡದಲ್ಲಿ ಬರೆದೆ: ಬೆಳೆಯಲಿಲ್ಲ.
ಸಾಹೇಬರು ಕೇಳಿದರೆ ನೋಡೋಣ.

ಮಧ್ಯಾಹ್ನ ಬುತ್ತಿ ಬಿಚ್ಚಿದೆ.
ಸಾಬೂನು ಹಚ್ಚಿ ಮೂರು ಸಲ ತೊಳೆದ ಕೈ.
ರೊಟ್ಟಿ ಮುರಿದು ತೊಗರಿಬೇಳೆಗೆ ಅದ್ದಿ
ಬಾಯಿಗೆ ಹಚ್ಚಿದೆ, ತೆಗೆದೆ,
ಬಾಗಿಲಾಚೆ ಹೂಬಿಟ್ಟ ಹೊಲ ನೋಡಿದೆ.
ಮತ್ತೆ ಹಚ್ಚಿದೆ.