ಸೂಟು

ಇಪ್ಪತ್ತೊಂದು ವರ್ಷ ಬೇರೆಯವರ ತೂಕ ಬರೆದವನು ನಾನು.
ಹಾಸನದ ಮಾರ್ಕೆಟ್ ಯಾರ್ಡಿನಲ್ಲಿ, ಆಲೂಗಡ್ಡೆ ಸೀಸನ್ನಿನಲ್ಲಿ,
ಕಿವಿಯ ಮೇಲೊಂದು ಪೆನ್ನು, ತೊಡೆಯ ಮೇಲೊಂದು ಪುಸ್ತಕ:
ಐವತ್ತೆರಡು, ಐವತ್ತೊಂದೂವರೆ, ಐವತ್ಮೂರು.
ಮೂಟೆಗೆ ಎರಡು ಕಿಲೋ ಸೂಟು ಕಳೆ.
ಮಣ್ಣಿಗಂತ, ಕೊಳೆತದ್ದಕ್ಕಂತ, ಚೀಲಕ್ಕಂತ.
ಕೇಳಿದವರು ಕಡಿಮೆ. ಕೇಳಿದವನಿಗೆ
ಸಾಲಿನ ಹಿಂದಕ್ಕೆ ಹೋಗು ಎಂದೆ.

ಶ್ರಾವಣದ ಒಂದು ಮಧ್ಯಾಹ್ನ
ಲಾರಿ ಬರುವುದು ತಡವಾಗಿ, ತಮಾಷೆಗೆ
ಹಲಗೆಯ ಮೇಲೆ ನಾನೇ ನಿಂತೆ.
ತೊಂಬತ್ತಾರು ಕಿಲೋ.
ಹಮಾಲಿ ಫೈರೋಜ ಬಗ್ಗಿ ಅಂಕಿ ಓದಿ
"ಎರಡು ಮೂಟೆ ಅಣ್ಣ, ಸೂಟು ಕಳೆದು" ಅಂದ.
ಯಾರ್ಡೆಲ್ಲ ನಕ್ಕಿತು. ನಾನೂ ನಕ್ಕೆ.
ನಗುವಾಗ ಅಂಗಿಯ ನಾಲ್ಕನೇ ಗುಂಡಿ
ಗಡ್ಡೆಗಳ ನಡುವೆ ಎಲ್ಲೋ ಹಾರಿಹೋಯಿತು.

ಅಲ್ಲಿಂದ ಶುರು.
ಏಳರ ಟೀ ಜೊತೆಗಿನ ಬೆಣ್ಣೆ ಬನ್ನು ಬಂದ್, ಹನ್ನೊಂದರ ಬೋಂಡ ಬಂದ್.
ಸರ್ವಮಂಗಳ ಅಟ್ಟದಿಂದ ಡಬ್ಬಿ ಇಳಿಸಿ
ಹುರುಳಿ ನೆನೆಹಾಕಿ ಪಂಚೆಯ ತುಂಡಿನಲ್ಲಿ ಕಟ್ಟಿದಳು;
ಮಾರನೇ ದಿನ ಗಂಟು ಬಿಚ್ಚಿದರೆ
ಪ್ರತಿ ಕಾಳಿಗೂ ಒಂದು ಬಿಳಿ ಬಾಲ.
"ಎತ್ತು ತಿನ್ನೋದು ಇದನ್ನೇ.
ಅದಕ್ಕೆ ನಿಮ್ಮಂಥ ಹೊಟ್ಟೆ ನೋಡಿದೀರ?"

ಆಲೂಗಡ್ಡೆ ಬಿಡಬೇಕಾ ಅಂತ ಕೇಳಿದ್ದಕ್ಕೆ
ಆಸ್ಪತ್ರೆಯ ಹುಡುಗಿ, ಬೇಲೂರು ಕಡೆಯವಳು,
"ಬಿಡಬೇಡಿ, ಸುಲಿಯಲೂಬೇಡಿ" ಅಂದಳು.
"ಸಿಪ್ಪೆ ಸಮೇತ ಬೇಯಿಸಿ. ಒಂದೇ ಒಂದು.
ಚಿಪ್ಸ್ ಆದಮೇಲೆ ಅದು ಗಡ್ಡೆಯಲ್ಲ."
ಇಷ್ಟು ವರ್ಷ ಗಡ್ಡೆಯ ರಾಶಿಯಲ್ಲಿ ಕೂತು
ಬರೀ ಉಪ್ಪು ಹಾಕಿ ಬೆಂದದ್ದಕ್ಕೆ
ಮಳೆ ಬಿದ್ದ ಕೆಂಪು ಹೊಲದ ರುಚಿಯಿದೆ ಎಂದು
ನನಗೆ ಗೊತ್ತೇ ಇರಲಿಲ್ಲ.

ಸುಲಭ ಅಂತ ಹೇಳಲಾರೆ.
ಮುದ್ದೆ ತೆಂಗಿನಕಾಯಿಯಿಂದ ಕಿತ್ತಳೆಗಿಳಿದ ರಾತ್ರಿ
ಸೊಪ್ಪಿನ ಮಧ್ಯೆ ಅನಾಥನಂತೆ ಕಂಡಿತು.
ಸಂಜೆ ಬೇಕರಿಯನ್ನು ಉಸಿರು ಹಿಡಿದು ದಾಟಿದೆ.
ಒಂದು ಶನಿವಾರ ದಾಟಲಿಲ್ಲ. ಖಾರಾ ಬನ್ನು, ಎರಡು.
ಕಾಗದ ಮೋರಿಗೆಸೆದು ಕಳ್ಳನಂತೆ ಮನೆಗೆ ಹೋದೆ.
ಸರ್ವಮಂಗಳ ಮೀಸೆಯಿಂದ ಒಂದು ಚೂರು ತೆಗೆದು,
ನೋಡಿ, ಏನೂ ಹೇಳದೆ ಕೈ ತೊಳೆದುಕೊಂಡಳು.

ಬೆಳಗ್ಗೆ ಐದೂವರೆಗೆ ಸ್ಟೇಡಿಯಂ.
ಒಂದು ಸುತ್ತು. ವಾರ ಕಳೆದು, ಒಂದೂಕಾಲು.
ಪೊಲೀಸ್ ಸೆಲೆಕ್ಷನ್ನಿಗೆ ಓಡುವ ಹುಡುಗಿಯರು
ಮೂರು ಸಲ ನನ್ನನ್ನು ದಾಟಿದರು.
ನಾಲ್ಕನೇ ಸಲ ಒಬ್ಬಳು, ತಿರುಗದೆಯೇ,
"ಮೂಗಲ್ಲಿ ಉಸಿರಾಡಿ ಅಂಕಲ್" ಅಂದಳು.

ಭಾರ ಎತ್ತಬೇಕು ಅಂದಿದ್ದರು ಯಾರೋ.
ಜಿಮ್ಮಿಗೇಕೆ ದುಡ್ಡು, ಇಷ್ಟು ಮೂಟೆ ಇರುವಾಗ?
"ಫೈರೋಜ, ದಿನಕ್ಕೆ ಹತ್ತು ನಾನು ಹೊರ್ತೀನಿ."
ಅವನು ತಲೆಯ ಗೋಣಿ ಸರಿಮಾಡಿಕೊಂಡು
ನನ್ನನ್ನೇ ನೋಡಿದ. ನಗಲಿಲ್ಲ.
"ಮೂಟೆಗೆ ಒಂಬತ್ತು ರೂಪಾಯಿ ಅಣ್ಣ. ಹತ್ತು ಅಂದ್ರೆ
ನಮ್ಮನೇಲಿ ಒಂದು ದಿನದ ಹಾಲು, ಸೊಪ್ಪು, ಮೂರು ಮೊಟ್ಟೆ.
ನಿಮಗೆ ಕರಗೋಕೆ ಬೇಕು. ನನಗೆ ತುಂಬೋಕೆ."

ಅವನ ಬುತ್ತಿಯನ್ನು ಆ ದಿನ ಮೊದಲ ಸಲ ನೋಡಿದೆ:
ರಾಗಿ ರೊಟ್ಟಿ ಎರಡು, ಹುಚ್ಚೆಳ್ಳು ಚಟ್ನಿ, ಒಂದು ಈರುಳ್ಳಿ.
ಆಸ್ಪತ್ರೆಯ ಹುಡುಗಿ ಬರೆದುಕೊಟ್ಟ ಚೀಟಿಯಲ್ಲಿದ್ದದ್ದೂ
ಹೆಚ್ಚುಕಡಿಮೆ ಅದೇ.

ಈಗ ಎಂಬತ್ತೊಂಬತ್ತು.
ಹೋದ ಏಳು ಕಿಲೋ ಎಲ್ಲಿಗೆ ಹೋಯಿತೋ
ಯಾವ ಪುಸ್ತಕದಲ್ಲೂ ಬರೆದಿಲ್ಲ.
ಮೂಟೆಗೆರಡರಂತೆ ಹೋದದ್ದರ ಲೆಕ್ಕ ಮಾತ್ರ
ರಾತ್ರಿ ಹಸಿವಿಗೆ ಎಚ್ಚರವಾದಾಗ ತಾನಾಗಿ ಕೂಡುತ್ತದೆ.

ನಿನ್ನೆ ಸೀಗೆ ಕಡೆಯ ಮುದುಕಿಯೊಬ್ಬಳ ಹದಿನಾಲ್ಕು ಮೂಟೆ.
ಮೊದಲನೆಯದು ಐವತ್ತೊಂದು.
ಪೆನ್ನು ನಿಂತಿತು. ಗಲ್ಲಾದಿಂದ ಮಂಡಿ ಸಾಹುಕಾರ ನೋಡುತ್ತಿದ್ದ.
ಐವತ್ತೊಂದು ಎಂದು ಬರೆದೆ.
ಪಕ್ಕದ ಅಂಕಣ ಖಾಲಿ ಬಿಟ್ಟೆ.
ಫೈರೋಜ ಮುಂದಿನ ಮೂಟೆ ಹಲಗೆಗೆ ಹಾಕಿದ.
ಹನ್ನೊಂದು ಗಂಟೆ. ಹೊಟ್ಟೆ ಚುರ್ ಅಂತಿತ್ತು.
ಎಲ್ಲಿಂದಲೋ ಬೋಂಡದ ವಾಸನೆ.