ಬಾಣದ ಲೆಕ್ಕ

ಸೊಲ್ಲಾಪುರ, ಅಕ್ಕಲಕೋಟ ರಸ್ತೆ, ಟವೆಲ್ ಕಾರ್ಖಾನೆ.
ಮಾಳಿಗೆಯ ನನ್ನ ಕೋಣೆಗೆ ಕಿಟಕಿ ಒಂದು,
ಕೆಳಗೆ ಮಗ್ಗ ನೂರಾ ಎಂಬತ್ತು.
ಹದಿನಾಲ್ಕು ವರ್ಷ ಹಳೆಯ ತಂತ್ರಾಂಶ
ನನ್ನ ಕೈಗೆ ಬಂದದ್ದು ಹೋದ ದೀಪಾವಳಿಗೆ.
ಅಂಬಾದಾಸ ಸೇಠರು ಕೇಳಿದ್ದು ಒಂದೇ ಮಾತು:
‘ಇದು ಛಲೋ ಐತೋ ಇಲ್ಲೋ, ಅಂಕಿಯೊಳಗ ಹೇಳು.’

ಅಂಕಿಯೊಳಗೆ ಹೇಳಬಹುದು.
ಪ್ರತಿ ಕ್ಲಾಸಿಗೂ ಒಂದು ಚೌಕ ಬರೆ.
ಯಾವುದಕ್ಕೆ ಯಾವುದರ ಹಂಗಿದೆಯೋ ಅತ್ತ ಒಂದು ಬಾಣ.
ಹೊರಗೆ ಹೋಗುವ ಬಾಣ ಎಣಿಸು, ಒಳಗೆ ಬರುವುದನ್ನೂ;
ಹೊರಗಿನದನ್ನು ಒಟ್ಟಿನಿಂದ ಭಾಗಿಸು.
ಸೊನ್ನೆ ಬಂದರೆ ಬಂಡೆ: ಎಲ್ಲರೂ ಒರಗಿದ್ದಾರೆ, ಕದಲುವಂತಿಲ್ಲ.
ಒಂದು ಬಂದರೆ ಗಾಳಿಪಟ: ಯಾರಿಗೂ ಬೇಡ,
ಹೇಗೆ ಬೇಕಾದರೂ ಹಾರಲಿ.

ಗಿರಾಕಿ: ಸೊನ್ನೆ. ನ್ಯಾಯವೇ.
ವರದಿ: ಒಂದು. ಅದೂ ನ್ಯಾಯವೇ, ವರದಿ ಓದುವವರಾರು?
‘ತಾತ್ಪುರತಾ’ ಎಂಬುದೊಂದಿತ್ತು,
ಮರಾಠಿಯಲ್ಲಿ ‘ಸದ್ಯಕ್ಕೆ ಮಾತ್ರ’,
ಪ್ರಮೋದ ಕಾಳೆ ಒಂದು ಶನಿವಾರ ಸಂಜೆ
ಊರಿನ ಬಸ್ಸು ತಪ್ಪೀತೆಂದು ಗೀಚಿಟ್ಟು ಹೋದದ್ದು.
ಅದನ್ನು ನೆಚ್ಚಿ ನಿಂತವು ಅರವತ್ತೊಂದು.
ಸೊನ್ನೆ.

ಎರಡು ದಿನ ಎಣಿಸಿದೆ.
ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮತ್ತೆ ಬಾಣ.
ಒಂದು ಮೂಲೆ ಮಾತ್ರ ಎಷ್ಟು ಚಂದ:
ಮೂರು ಚೌಕ, ನಡುವೆ ಒಂದೂ ಗೆರೆಯಿಲ್ಲ,
ಒಂದರ ಹಂಗು ಇನ್ನೊಂದಕ್ಕಿಲ್ಲ.
ಇಡೀ ಕಾರ್ಖಾನೆಗೆ ಇವೇ ಉತ್ತಮವೆಂದು
ಹಸಿರು ಬಣ್ಣ ಹಚ್ಚಿದೆ.
ಹೆಸರು ನೋಡಿದ್ದು ಆಮೇಲೆ.

ಉಧಾರಿ.
ಅಪ್ಪು.
ಸಾಲ.

ಕಾಳೆಯ ಮರಾಠಿ, ನರಸಯ್ಯನ ತೆಲುಗು,
ನನಗಿಂತ ಮೊದಲಿದ್ದ ರೇವಣಸಿದ್ಧನ ಕನ್ನಡ.
ಒಬ್ಬರದನ್ನೊಬ್ಬರು ತೆರೆದೂ ನೋಡಿಲ್ಲ.
ಆದರೂ ಮೂರರಲ್ಲೂ ಅದೇ ಬಡ್ಡಿ, ಅದೇ ನಲವತ್ತೈದು ದಿನ,
ಪೈಸೆ ಕಡಿಯುವಲ್ಲಿ ಅದೇ ತಪ್ಪು ಕೂಡ.
ಮೂವರಿಗೂ ಲೆಕ್ಕ ಹೇಳಿಕೊಟ್ಟ ಬಾಯಿ ಒಂದೇ ಇರಬೇಕು.

ಕೆಳಗಿಳಿದು ಕೇಳಿದೆ.
ಧೂಳಪ್ಪ ಮುನೀಮ ಕನ್ನಡಕ ಹಣೆಗೇರಿಸಿ
ಗೋಡೆಯ ಕ್ಯಾಲೆಂಡರ್ ತೋರಿಸಿದ:
ಪ್ರತಿ ತಿಂಗಳ ಕೊನೆಗೆ ಪೆನ್ಸಿಲಿನ ಮೂರು ಗೀಟು.
‘ಮೂರೂ ತಾಳೆ ನೋಡ್ತೀನವ್ವಾ. ಯಾವುದು ತಪ್ಪತದೋ
ಆ ಬಿಲ್ಲು ಕೈಲೇ ತಿದ್ದತೀನಿ.
ಮಷೀನಿಗೆ ಯಾಕ ಬ್ಯಾಸರ ಮಾಡೂದಂತ
ಯಾರಿಗೂ ಹೇಳಿಲ್ಲ.’
ಎಷ್ಟು ವರ್ಷದಿಂದ ಎಂದೆ.
ಬೆರಳು ಮಡಿಚಿದ, ಬಿಡಿಸಿದ.
‘ನರಸಯ್ಯ ಬಂದಾಗಿಂದ.’

ಮೇಲೆ ಬಂದು ಚಿತ್ರ ಬಿಚ್ಚಿದೆ.
ಇನ್ನೂರ ಹದಿನೇಳು ಚೌಕ. ಮುನೀಮನಿಗೊಂದಿಲ್ಲ.
ಬರುವ ಬಾಣ ಸೊನ್ನೆ, ಹೋಗುವ ಬಾಣ ಸೊನ್ನೆ.
ಸೊನ್ನೆಯನ್ನು ಸೊನ್ನೆಯಿಂದ ಭಾಗಿಸು ಎಂದರೆ
ಸಲಕರಣೆ ಉತ್ತರ ಹೇಳುವುದಿಲ್ಲ,
ಸಾಲನ್ನು ಕೆಂಪು ಮಾಡಿ ಸುಮ್ಮನಾಗುತ್ತದೆ.

ಮೂರನ್ನು ಒಂದು ಮಾಡಲು ಹನ್ನೊಂದು ದಿನ ಎಂದು ಬರೆದೆ.
ಆ ಒಂದರ ಹೆಸರು ಯಾವ ಭಾಷೆಯದೆಂದು ಬರೆಯಲಿಲ್ಲ.
ಹಸಿರು ಚೌಕಗಳ ನಡುವೆ ಪೆನ್ಸಿಲಿನಿಂದ
ಇನ್ನೊಂದು ಚೌಕ ಎಳೆದೆ, ಸ್ವಲ್ಪ ಸೊಟ್ಟ.
ಬಾಣ ಯಾವ ಕಡೆಯಿಂದ ಯಾವ ಕಡೆಗೆಂದು
ಯೋಚಿಸುತ್ತಿದ್ದಾಗಲೇ ಮೆಟ್ಟಿಲ ಕೆಳಗಿಂದ ಕೂಗಿದ:

‘ಅವ್ವಾ, ಬುಧವಾರದಿಂದ ಮೂರು ದಿನ ಹೊಟಗಿಗೆ ಹೊಂಟೀನಿ,
ಮೊಮ್ಮಗಳ ತೊಟ್ಟಿಲ ಐತಿ.
ಏನರ ಕೇಳೂದಿದ್ರ ಈಗ ಕೇಳು.’

ಬುಧವಾರ, ಮೂವತ್ತನೇ ತಾರೀಕು.